ಪೆನ್ಸಿಲ್ ಅಚ್ಚು

ಅಪ್ಪ ತಮ್ಮ ಕಾರು ಮಾರಿದ್ದು 2015ರ ದೀಪಾವಳಿಯ ಹಿಂದಿನ ವಾರ. ಕೊಂಡವನು ಒಬ್ಬ ಏಜೆಂಟ್. ದುಡ್ಡು ಎಣಿಸಿ ಕೊಟ್ಟ, ಚಹಾ ಕುಡಿದ, ನಾಲ್ಕೈದು ಫಾರ್ಮು ಮುಂದಿಟ್ಟು ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿಸಿಕೊಂಡ. ಕೊಳ್ಳುವವರ ಹೆಸರು ಬರೆಯುವ ಜಾಗ ಖಾಲಿ ಇತ್ತು. ತಾರೀಖಿನ ಜಾಗವೂ ಖಾಲಿ. "ಗಿರಾಕಿ ಸಿಕ್ಕ ಮ್ಯಾಲೆ ತುಂಬ್ತೀನ್ರಿ ಯಜಮಾನ್ರ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಅಂದ. ಅಪ್ಪ ಚಿಂತೆ ಮಾಡಲಿಲ್ಲ. ನಾನೂ ಅಲ್ಲೇ ಕೂತಿದ್ದೆ, ನಾನೂ ಮಾಡಲಿಲ್ಲ.

2018ರಲ್ಲಿ ಹಾವೇರಿಯಿಂದ ಕೋರ್ಟ್ ನೋಟಿಸ್ ಬಂತು. ಆ ಕಾರು ಒಬ್ಬ ಬೈಕ್ ಸವಾರನಿಗೆ ಡಿಕ್ಕಿ ಹೊಡೆದಿತ್ತು. ಅವನ ಕಾಲು ಮುರಿದಿತ್ತು. ವಿಮೆ ಮುಗಿದು ತಿಂಗಳುಗಳೇ ಆಗಿದ್ದವು. ಓಡಿಸುತ್ತಿದ್ದವನನ್ನು ನಾವು ಕಂಡೇ ಇರಲಿಲ್ಲ, ಅಷ್ಟರಲ್ಲಿ ಗಾಡಿ ನಾಲ್ಕು ಕೈ ದಾಟಿತ್ತು. ಆದರೆ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇದ್ದದ್ದು ಅಪ್ಪನ ಹೆಸರು.

ಮಾರಿ ಮೂರು ವರ್ಷ ಆಯ್ತಲ್ಲ ಅಂತ ವಕೀಲರ ಮುಂದೆ ಗೋಗರೆದೆವು. ಅವರು ಅದೇ ವರ್ಷ ಫೆಬ್ರುವರಿಯಲ್ಲಿ ಬಂದಿದ್ದ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೆಗೆದು ತೋರಿಸಿದರು. ಅಪಘಾತ ಆದ ದಿನ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ನಡುವೆ ಎಷ್ಟು ಜನ ಕೊಂಡು ಮಾರಿದ್ದರೂ ಅಷ್ಟೇ. ಅಪ್ಪ ಎರಡು ವರ್ಷ ಹುಬ್ಬಳ್ಳಿಯಿಂದ ಹಾವೇರಿಗೆ ಅಡ್ಡಾಡಿದರು. ಮುಂಜಾನೆ ಬುತ್ತಿ ಕಟ್ಟಿಕೊಂಡು ಬಸ್ ಹತ್ತುವುದು, ಸಂಜೆ ಮುಂದಿನ ತಾರೀಖು ಕೇಳಿಕೊಂಡು ಬರುವುದು. ಕೊನೆಗೆ ರಾಜಿಯಾಯಿತು. ಕಾರು ಮಾರಿ ಬಂದದ್ದಕ್ಕಿಂತ ಜಾಸ್ತಿ ದುಡ್ಡು ಕೈಬಿಟ್ಟು ಹೋಯಿತು. ದುಡ್ಡಿನ ಮಾತು ಅಪ್ಪ ಎತ್ತುವುದಿಲ್ಲ. "ಆ ಹುಡುಗಗ ಕಾಲ ಸರಿ ಆತೋ ಇಲ್ಲೋ" ಅಂತ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ.

ಹಾಗಾಗಿ ಹೋದ ವರ್ಷ ನಾನೊಂದು ಹಳೆಯ ಕಾರು ಕೊಳ್ಳಲು ಹೊರಟಾಗ ಎಂಜಿನ್, ಟೈರ್, ಮೈಲೇಜ್ ಎಲ್ಲಕ್ಕಿಂತ ಮೊದಲು ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ. ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನನ್ನು ಮುಖಾಮುಖಿ ನೋಡದೆ ಗಾಡಿ ತಗೊಳ್ಳುವುದಿಲ್ಲ.

ಈ ಒಂದು ಷರತ್ತಿಗೇ ಅರ್ಧದಷ್ಟು ಗಾಡಿಗಳು ಉದುರಿಹೋದವು. "ಓನರ್ ಬೆಂಗಳೂರಾಗ ಅದಾರ್ರಿ", "ಓನರ್ ದುಬೈಗೆ ಹೋಗ್ಯಾರ್ರಿ, ಸಹಿ ಮಾಡಿದ ಫಾರ್ಮ್ ನಮ್ಮ ಹತ್ರ ಐತಿ" ಅನ್ನುವ ಮಾತು ಎಷ್ಟು ಕಡೆ ಕೇಳಿದೆನೋ. ಖಾಲಿ ಫಾರ್ಮಿನ ಕಥೆ ನನಗೆ ಗೊತ್ತಿತ್ತು. ನಮಸ್ಕಾರ ಹೇಳಿ ಎದ್ದು ಬಂದೆ.

ಗೋವಾ ಪಾಸಿಂಗ್, ಅಂದರೆ ಅಲ್ಲಿ ನೋಂದಣಿಯಾದ, ಗಾಡಿಗಳೂ ನಮ್ಮ ಹುಬ್ಬಳ್ಳಿಗೆ ಸಾಕಷ್ಟು ಬರುತ್ತವೆ. ರೇಟು ಕೇಳಿದರೆ ಆಸೆ ಹುಟ್ಟುತ್ತದೆ. ಆದರೆ ಆ ಕಡೆಯಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಮಾಡಿಸಬೇಕು. ಇದನ್ನೆಲ್ಲ ಕೂಡಿಸಿದರೆ ಅಗ್ಗ ಅನ್ನುವುದು ಕರಗಿಹೋಗುತ್ತದೆ. ಸಮುದ್ರದ ಉಪ್ಪು ಗಾಳಿಗೆ ತಳಭಾಗ ತುಕ್ಕು ಹಿಡಿದಿದ್ದರೆ ಅದು ಬೇರೆ.

ಮೊದಲು ಮನಸ್ಸಿಗೆ ಬಂದದ್ದು ಹುಬ್ಬಳ್ಳಿಯ ಒಂದು ಯಾರ್ಡ್‌ನಲ್ಲಿ ನಿಂತಿದ್ದ 2017ರ ಡೀಸೆಲ್ ಗಾಡಿ. ಬಿಳಿ ಬಣ್ಣ, ಒಳಗೆಲ್ಲ ಹೊಸ ಸೀಟ್ ಕವರ್, ಕಮ್ಮನೆಯ ವಾಸನೆ. ಡಾಕ್ಟರೊಬ್ಬರ ಗಾಡಿ, ಧಾರವಾಡದ ಒಳಗಷ್ಟೇ ಓಡಿದ್ದು, ಅವರೇ ಬಂದು ಸಹಿ ಮಾಡುತ್ತಾರೆ ಅಂದರು. ನಾನು ನಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಇಪ್ಪತ್ತೈದು ವರ್ಷದಿಂದ ಗ್ಯಾರೇಜ್ ನಡೆಸುವ ಮನುಷ್ಯ, ಮಾತು ಕಡಿಮೆ.

ಮಿಸ್ತ್ರಿ ಬಾನೆಟ್ ಎತ್ತಲಿಲ್ಲ. ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಚಕ್ರದ ಮೇಲಿನ ಕಮಾನಿನೊಳಗೆ ಕೈ ಹಾಕಿದರು. ಸ್ಕ್ರೂಡ್ರೈವರಿನಿಂದ ಏನನ್ನೋ ಕೆರೆದು ಅಂಗೈಯಲ್ಲಿ ಹಾಕಿಕೊಂಡು ನನ್ನ ಮುಂದೆ ಹಿಡಿದರು. ಒಣಗಿದ ಮಣ್ಣಿನ ಹೆಂಟೆ. ಕಪ್ಪಗಿತ್ತು.

"ಇದು ಎರಿ ಮಣ್ಣ್ರಿ ಸರ. ಧಾರವಾಡ ಊರಾಗ ಎಲ್ಲಿಂದ ಬರ್ತೈತಿ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡದಿಂದ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಹೋದಂತೆ ಮಣ್ಣು ಕೆಂಪು. ನವಲಗುಂದ, ಅಣ್ಣಿಗೇರಿ, ಗದಗ ಕಡೆಗೆ ಹೊರಳಿದರೆ ಎರೆ. ಎರೆ ಮಣ್ಣು ಒಮ್ಮೆ ಅಂಟಿಕೊಂಡರೆ ಸುಮ್ನೆ ನೀರು ಹೊಡೆದರೆ ಬಿಡುವುದಿಲ್ಲ. ಗಾಡಿ ಎಲ್ಲಿ ಬದುಕಿತ್ತು ಅನ್ನುವುದನ್ನು ಅದರ ಹೊಟ್ಟೆಯ ಕೆಳಗಿನ ಮಣ್ಣೇ ಹೇಳುತ್ತದೆ. ಡಾಕ್ಟರರು ಒಂದೆರಡು ಸಲ ನವಲಗುಂದಕ್ಕೆ ಹೋಗಿರಬಹುದಲ್ಲ ಅಂದೆ. ಮಿಸ್ತ್ರಿ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಚಾಲಕನ ಸೀಟ್ ಬೆಲ್ಟನ್ನು ಎಳೆಯತೊಡಗಿದರು. ನಾವು ದಿನಾ ಹಾಕಿಕೊಳ್ಳುವಾಗ ಎಳೆಯುತ್ತೇವಲ್ಲ, ಅಷ್ಟಲ್ಲ. ಪೂರ್ತಿ, ಇನ್ನು ಬರುವುದಿಲ್ಲ ಅನ್ನುವವರೆಗೆ. ಕೊನೆಯ ಒಂದು ಮೊಳದಷ್ಟು ಬೆಲ್ಟು ಬೇರೆಯೇ ಬಣ್ಣಕ್ಕಿತ್ತು. ಕಂದು ಕಲೆ, ಅದರ ಅಂಚಿಗೆ ಗೆರೆ ಕೊರೆದ ಹಾಗೆ ನೀರು ನಿಂತ ಗುರುತು. ಆಮೇಲೆ ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿ ತೆಗೆದರು. ಅದರ ಗುಣಿಯಲ್ಲಿ, ಬೋಲ್ಟಿನ ಸುತ್ತ, ಅದೇ ಕಪ್ಪು ಮಣ್ಣು. ಹೆಂಟೆಯಲ್ಲ, ಅರೆದ ಹಿಟ್ಟಿನ ಹಾಗೆ ನಯವಾಗಿ ಕೂತಿತ್ತು. ಅದು ಚಕ್ರ ಎರಚಿದ ಮಣ್ಣಲ್ಲ. ನೀರಿನ ಜೊತೆ ಬಂದು, ನೀರು ಇಂಗಿದ ಮೇಲೆ ಉಳಿದ ಮಣ್ಣು.

2019ರ ಆಗಸ್ಟ್ ನಮ್ಮಲ್ಲಿ ಯಾರಿಗೆ ಮರೆತಿದೆ? ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆ ನೀರು ನುಗ್ಗಿತ್ತು. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳಂತೂ ದೊಡ್ಡ ಮಳೆಯಾದಾಗಲೆಲ್ಲ ಹೊಲ, ರಸ್ತೆ ನುಂಗುತ್ತವೆ. ಈ ಗಾಡಿ ಯಾವ ವರ್ಷದ ಯಾವ ನೀರಿನಲ್ಲಿ ನಿಂತಿತ್ತೋ, ನಿಂತಿದ್ದಂತೂ ನಿಜ. ನೀರು ಕುಡಿದ ಗಾಡಿ ಮೊದಲ ದಿನ ಏನೂ ತೋರಿಸುವುದಿಲ್ಲ. ಚೆನ್ನಾಗಿಯೇ ಚಾಲೂ ಆಗುತ್ತದೆ. ವೈರಿಂಗಿನ ಒಳಗೆ, ಕನೆಕ್ಟರುಗಳ ಪಿನ್ನಿನಲ್ಲಿ, ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ತುಕ್ಕು ನಿಧಾನಕ್ಕೆ ಬೆಳೆಯುತ್ತದೆ. ಆರು ತಿಂಗಳೋ ವರ್ಷವೋ ಬಿಟ್ಟು ಒಂದು ರಾತ್ರಿ ರಸ್ತೆ ನಡುವೆ ಎಲ್ಲ ದೀಪ ಆರಿ ನಿಂತುಬಿಡುತ್ತದೆ. ಏರ್‌ಬ್ಯಾಗ್ ಬೇಕಾದಾಗ ಬಿಚ್ಚದೆ ಹೋದರೆ ಹೋಗುವುದು ಜೀವ. ನೀರಲ್ಲಿ ಮುಳುಗಿದ್ದ ಗಾಡಿಯನ್ನು ಹಾಗಂತ ಹೇಳಿ ಅಗ್ಗಕ್ಕೆ ಮಾರಿದರೆ ನನ್ನ ತಕರಾರಿಲ್ಲ. ಹೊಸ ಸೀಟ್ ಕವರ್ ಹಾಕಿ, ಅತ್ತರು ಹೊಡೆದು, ಡಾಕ್ಟರರ ಗಾಡಿ ಅಂತ ಮಾರುವುದಕ್ಕೆ ಇದೆ. ಅದರಲ್ಲಿ ನಾಳೆ ಯಾರದೋ ಮಕ್ಕಳು ಕೂರುತ್ತಾರಲ್ವಾ?

ಎರಡನೆಯ ಗಾಡಿ ಸಿಕ್ಕಿದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಯಾರ್ಡ್ ಅಲ್ಲ, ಮನೆ. ನಿವೃತ್ತ ಮಾಸ್ತರರೊಬ್ಬರು ಕಣ್ಣು ಮಂಜಾಗಿದ್ದಕ್ಕೆ ಓಡಿಸುವುದು ಬಿಟ್ಟಿದ್ದರು. 2014ರ ಮಾರುತಿ, ಪೆಟ್ರೋಲ್, ಮೊದಲಿನಿಂದ ಅವರ ಹೆಸರಿನಲ್ಲೇ ಇದ್ದದ್ದು. ಮಿಸ್ತ್ರಿ ಹಿಂದಿನ ರಾತ್ರಿಯೇ ಫೋನ್ ಮಾಡಿಸಿದ್ದರು: ನಾವು ಬರುವ ತನಕ ಚಾಲೂ ಮಾಡಬೇಡಿ. ಹಳೆಯ ಎಂಜಿನ್ನಿನ ರೋಗಗಳು ತಣ್ಣಗಿದ್ದಾಗಲೇ ಬಯಲಾಗುವುದು. ಬಿಸಿಯಾದ ಮೇಲೆ ಎಷ್ಟೋ ಸದ್ದು ಅಡಗುತ್ತದೆ. ಮುಂಜಾನೆ ಏಳಕ್ಕೆ ಹೋದೆವು. ಮಿಸ್ತ್ರಿ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ತಣ್ಣಗಿತ್ತು.

ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿದರು. ಅಲ್ಲಿ ಕೆನೆಯಂಥ ಬಿಳಿ ಅಂಟು ಕಂಡರೆ ಎಂಜಿನ್ ಆಯಿಲ್‌ಗೆ ನೀರು ಬೆರೆಯುತ್ತಿದೆ, ಗ್ಯಾಸ್ಕೆಟ್ ಹೋಗಿರಬಹುದು ಅಂತ ಅರ್ಥ. ಇರಲಿಲ್ಲ. ಚಾಲೂ ಮಾಡಿಸಿ ಹಿಂದೆ ನಿಂತರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಣಿಸುವ ಕೂಲಂಟ್ ಸುಡುತ್ತಿದೆ. ಮುಂಜಾನೆಯ ತಂಪಿಗೆ ಒಂದಿಷ್ಟು ಹಬೆ ಬಂದು ನಿಂತಿತು. ಆಮೇಲೆ ಬಾನೆಟ್ಟಿನ, ಮಡ್‌ಗಾರ್ಡಿನ ಬೋಲ್ಟುಗಳ ತಲೆ ನೋಡಿದರು. ಕಂಪನಿಯಲ್ಲಿ ಬೋಲ್ಟು ಬಿಗಿದ ಮೇಲೆ ಬಣ್ಣ ಹೊಡೆಯುತ್ತಾರೆ. ಯಾರಾದರೂ ಪಾನಾ ಹಾಕಿ ಬಿಚ್ಚಿದ್ದರೆ ಬಣ್ಣ ಏಳುತ್ತದೆ. ಬಲಗಡೆಯ ಎರಡು ಬೋಲ್ಟುಗಳ ಬಣ್ಣ ಎದ್ದಿತ್ತು. ಮಿಸ್ತ್ರಿ ಬಾಯಿ ತೆರೆಯುವ ಮೊದಲೇ ಮಾಸ್ತರರು, "ಅದು ನಮ್ಮ ಗೇಟಿಗೆ ಹತ್ತಿಸಿದ್ದೆ. ಮಡ್‌ಗಾರ್ಡ್ ಬದಲಿ ಮಾಡಿಸೇನಿ, ಬಿಲ್ ಅದ" ಅಂದರು. ಆ ಬಿಲ್ಲಿನ ಜೊತೆ ಹನ್ನೊಂದು ವರ್ಷದ ಸರ್ವಿಸ್ ಬಿಲ್ಲುಗಳೂ ಬಂದವು, ದಾರ ಪೋಣಿಸಿ ಕಟ್ಟಿದ್ದು. ಒಂದೊಂದರಲ್ಲೂ ಕಿಲೋಮೀಟರ್ ಬರೆದಿತ್ತು. ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಬಿಲ್ಲುಗಳಲ್ಲಿ ಅಂಕಿ ವರ್ಷ ವರ್ಷ ಏರುತ್ತಾ ಬಂದು ಡ್ಯಾಶ್‌ಬೋರ್ಡಿನ ಅಂಕಿಗೆ ಕೂಡಿತ್ತು.

ಕರ್ನಾಟಕ ವಿಶ್ವವಿದ್ಯಾಲಯದ ಏರಿನಲ್ಲಿ ಓಡಿಸಿ ನೋಡಿದೆ. ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತಿತ್ತು, ಸವೆದಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಬಿಟ್ಟಾಗ ಟಕ್ ಟಕ್ ಸದ್ದು ಬರಲಿಲ್ಲ. ಟೈರಿನ ಮಗ್ಗುಲಲ್ಲಿ 2216 ಅಂತ ಇತ್ತು. 2016ರ ಇಪ್ಪತ್ತೆರಡನೇ ವಾರ ತಯಾರಾದದ್ದು. ಗಾಡಿ ಓಡಿದ್ದು ಕಡಿಮೆ, ಹಾಗಾಗಿ ಟೈರಿನ ಗುಂಡಿ, ಅಂದರೆ ಮೇಲಿನ ಗೀರುಗಳು, ಇನ್ನೂ ಆಳವಾಗಿಯೇ ಇದ್ದವು. ಆದರೆ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಟೈರಿನ ವಯಸ್ಸನ್ನು ಗುಂಡಿ ನೋಡಿ ಹೇಳಬಾರದು, ಆ ನಾಲ್ಕು ಅಂಕಿ ನೋಡಬೇಕು. ನಾಲ್ಕು ಟೈರು, ಒಂದು ಕ್ಲಚ್ ಅಂತ ಹೇಳಿ ಬೆಲೆ ಇಳಿಸಲು ಕೇಳಿದೆ. ಮಾಸ್ತರರು 2 ಲಕ್ಷ 60 ಸಾವಿರ ಹೇಳಿದ್ದರು, 2 ಲಕ್ಷ 35ಕ್ಕೆ ಒಪ್ಪಿದರು.

ಒಪ್ಪಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ತಮ್ಮಾ, ನಂಬರಷ್ಟ ನಾ ಇಟಗೊಂಡು ಗಾಡಿ ಕೊಡ್ಲಿಕ್ಕೆ ಬರೂದಿಲ್ಲೇನು?"

ನಂಬರಿನ ಕೊನೆಯ ನಾಲ್ಕು ಅಂಕಿ 1956. ಕರ್ನಾಟಕ ಒಂದಾದ ವರ್ಷ. ಅವರಿಗೆ ಆಗ ಆರು ವರ್ಷ. ನವೆಂಬರ್ 1ರಂದು ಶಾಲೆಯಲ್ಲಿ ಕೈಗೊಂದು ಪೇಢೆ ಕೊಟ್ಟಿದ್ದು ನೆನಪಿದೆ ಅಂದರು. ಏಕೀಕರಣಕ್ಕಾಗಿ ಓಡಾಡಿದವರ ಮಾತು ಕೇಳುತ್ತಾ ಬೆಳೆದ ಧಾರವಾಡದ ಹುಡುಗನಿಗೆ ಆ ವರ್ಷ ಬರೀ ಅಂಕಿಯಲ್ಲ. ಈ ನಂಬರಿಗಾಗಿ ಅವರು ಬೇರೆ ದುಡ್ಡು ಕಟ್ಟಿದ್ದರು. ಕೆಲವರು ಒಂದಂಕಿಗೋ ನಾಲ್ಕು ಒಂಬತ್ತಿಗೋ ಸಾರಿಗೆ ಇಲಾಖೆಯ ಹರಾಜಿನಲ್ಲಿ ಕೂಗಿ ಲಕ್ಷ ಸುರಿಯುತ್ತಾರೆ, ಇನ್ನು ಕೆಲವರು ಕೂಡಿಸಿದರೆ ಇಂಥ ಅಂಕಿ ಬರಬೇಕು ಅಂತಾರೆ. ಹೀಗೆ 1956 ಕೇಳಿದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಬರುವುದಿಲ್ಲ ಸರ, ಅಂದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾರು ಮಾರಿದರೆ ನಂಬರೂ ಅದರ ಬೆನ್ನಿಗೇ ಹೋಗುತ್ತದೆ. ನಾನಿರುವ ಹುಬ್ಬಳ್ಳಿಗೆ ಕೆಎ-63 ಇದ್ದರೂ ಈ ಗಾಡಿ ಕೆಎ-25 ಆಗಿಯೇ ಉಳಿಯುತ್ತದೆ, 1956 ಕೂಡ ಉಳಿಯುತ್ತದೆ. ಹಳೆಯ ಪ್ಲೇಟನ್ನು ಅವರು 2024ರಲ್ಲೇ ತೆಗೆದಿಟ್ಟುಕೊಂಡಿದ್ದರು. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳೂ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟು, ಹಾಕಿಸಬೇಕು ಅಂತ ನಮ್ಮ ರಾಜ್ಯದಲ್ಲಿ ಆದೇಶವಾಗಿ, 2023ರ ನವೆಂಬರ್ 17ರ ಗಡುವು ಮೇಲಿಂದ ಮೇಲೆ ಮುಂದೆ ಹೋಯಿತಲ್ಲ, ಆಗ ಹಾಕಿಸಿದ್ದು. ಹೊಸದು ಅಲ್ಯೂಮಿನಿಯಂ ಪ್ಲೇಟು, ಮೇಲೆ ಅಶೋಕ ಚಕ್ರದ ಹೊಲೋಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ. ಒಮ್ಮೆ ಲಾಕ್ ಹಾಕಿದರೆ ಮುರಿಯದೆ ಬಿಚ್ಚಲು ಬರುವುದಿಲ್ಲ. ಹಳೆಯದು ಪಡಸಾಲೆಯ ಮೂಲೆಯಲ್ಲಿ, ಕೊಡೆಗಳ ಪಕ್ಕ, ಗೋಡೆಗೆ ಒರಗಿ ನಿಂತಿತ್ತು.

ನನ್ನ ಅಕ್ಕನ ಮಗ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದಾನೆ. ಅವನೂ ಅದೇ ತಿಂಗಳು ಅಲ್ಲೊಂದು ಹಳೆಯ ಕಾರು ಕೊಂಡ. ಅವನ ಅನುಭವ ಕೇಳಿ ಮಾಸ್ತರರಿಗೂ ಹೇಳಿದೆ. ಅಲ್ಲಿ ನಂಬರನ್ನು ಗಾಡಿಯಿಂದ ಬಿಡಿಸಿಕೊಳ್ಳಬಹುದು. 80 ಪೌಂಡ್ ಕಟ್ಟಿದರೆ ವಿ778 ಅನ್ನುವ ಕಾಗದ ಕೊಡುತ್ತಾರೆ. ಹತ್ತು ವರ್ಷದ ತನಕ ನಂಬರು ನಿಮ್ಮ ಹೆಸರಿನಲ್ಲಿ ಕಾದಿರುತ್ತದೆ, ಬೇಕಾದಾಗ ಇನ್ನೊಂದು ಗಾಡಿಗೆ ಹಾಕಿಸಿಕೊಳ್ಳಬಹುದು. ಗಾಡಿಯನ್ನು ಅದರ ವಯಸ್ಸಿಗಿಂತ ಹೊಸದು ಅಂತ ತೋರಿಸುವ ನಂಬರನ್ನು ಮಾತ್ರ ಹಾಕುವ ಹಾಗಿಲ್ಲ. ಇನ್ನೂ ಒಂದು ಅನುಕೂಲ ಕೇಳಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಅಲ್ಲಿ ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಒಟಿ ಅನ್ನುವ ಪರೀಕ್ಷೆ ಕಡ್ಡಾಯ. ಮನೆಯಲ್ಲಿ ಕೂತು ನಂಬರ್ ಹಾಕಿದರೆ ಸಾಕು, ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಆಗ ಎಷ್ಟು ಮೈಲಿ ಓಡಿತ್ತು, ಎಲ್ಲ ಪುಕ್ಕಟೆ ಕಾಣುತ್ತದೆ. ನಮ್ಮ ಖಾಸಗಿ ಕಾರುಗಳನ್ನು ಸರ್ಕಾರ ಮತ್ತೆ ಮುಟ್ಟಿ ನೋಡುವುದು ಹದಿನೈದು ವರ್ಷ ಆದ ಮೇಲೆ, ನೋಂದಣಿ ನವೀಕರಿಸುವಾಗ. ಅಲ್ಲಿಯ ತನಕ ಮಾಸ್ತರರಂತೆ ಬಿಲ್ಲು ಪೋಣಿಸಿ ಇಡುವವರು ಸಿಗಬೇಕು.

ಆದರೆ ಹುಡುಗ ಇನ್ನೊಂದು ಮಾತೂ ಹೇಳಿದ. "ಮಾಮಾ, ಇಲ್ಲಿ ಪ್ಲೇಟ್ ನಂಬಂಗಿಲ್ಲ. ಅದು ಬದಲಾಗ್ತದ. ಚಾಸಿ ನಂಬರ್ ಲಾಗ್‌ಬುಕ್ ಜೋಡಿ ತಾಳೆ ನೋಡಿದ ಮ್ಯಾಲೇ ರೊಕ್ಕ ಕೊಟ್ಟೆ." ಲಾಗ್‌ಬುಕ್ ಅಂದರೆ ಅಲ್ಲಿಯ ಆರ್‌ಸಿ. ಅಲ್ಲಿ ನಂಬರು ಗಾಡಿ ಬಿಟ್ಟು ಓಡಾಡುತ್ತದೆ, ಇಲ್ಲಿ ಗಾಡಿಗೆ ಅಂಟಿ ಕೂರುತ್ತದೆ. ಎರಡೂ ಕಡೆ ಗಾಡಿಯ ನಿಜವಾದ ಹೆಸರು ಮಾತ್ರ ಕಬ್ಬಿಣದಲ್ಲಿ ಕೊರೆದದ್ದು.

ಸಹಿಯ ದಿನ ಅಪ್ಪನೂ ಬಂದರು. ನಾನು ಕರೆದಿರಲಿಲ್ಲ, ತಾವೇ ಚಪ್ಪಲಿ ಮೆಟ್ಟಿ ನಿಂತರು. ಕಾಗದಪತ್ರಗಳಲ್ಲಿ ಒಂದು ತೊಡಕಿತ್ತು. ಮಾಸ್ತರರು ಸಾಲ ತೀರಿಸಿ ಏಳು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿದರೆ ಅದು ತಾನಾಗಿಯೇ ಹೋಗುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತಂದು ತೆಗೆಸಬೇಕು. ಅದಕ್ಕೆ ಎರಡು ವಾರ ಹಿಡಿಯಿತು. ಹಳೆಯ ದಂಡ ಬಾಕಿ ಇದೆಯೇ ಅಂತ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿದೆ, ಇರಲಿಲ್ಲ.

ಇನ್ನು ಉಳಿದದ್ದು ಮಾರುವವರ ಫಾರ್ಮ್ 29, ಎರಡು ಪ್ರತಿ. ಕೊಳ್ಳುವವರ ಫಾರ್ಮ್ 30. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದ ಒಳಗಾದರೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ. ಅಂದರೆ ಹೆಸರು ಬದಲಾಯಿತೋ ಇಲ್ಲವೋ ಅಂತ ನೋಡುವುದು ಕೊಂಡವನ ಕೆಲಸ ಮಾತ್ರ ಅಲ್ಲ. ಮಾರಿದವರಿಗೂ ಅದು ಬೇಕು, ಅವರಿಗೇ ಜಾಸ್ತಿ ಬೇಕು. ವಿಮೆಯನ್ನೂ 14 ದಿನದೊಳಗೆ ನನ್ನ ಹೆಸರಿಗೆ ಮಾಡಲು ಕಂಪನಿಗೆ ಬರೆಯಬೇಕಿತ್ತು. ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಮಾಸ್ತರರ ನೋ ಕ್ಲೇಮ್ ಬೋನಸ್, ಅವರದು, ಗಾಡಿಯ ಜೊತೆ ನನಗೆ ಬರುವುದಿಲ್ಲ.

ಅಪ್ಪ ಫಾರ್ಮುಗಳನ್ನು ತಮ್ಮ ಮುಂದೆ ಎಳೆದುಕೊಂಡರು. ಒಂದೊಂದು ಗೆರೆಯ ಮೇಲೂ ಬೆರಳು ಆಡಿಸಿದರು. ನನ್ನ ಹೆಸರು, ವಿಳಾಸ, ಬೆಲೆ, ಎಲ್ಲ ತುಂಬಿತ್ತು. ಒಂದು ಕಡೆ ತಾರೀಖು ಬಿಟ್ಟುಹೋಗಿತ್ತು. "ಸರ, ಇಲ್ಲಿ ತಾರೀಖ ಹಾಕ್ರಿ. ಆಮ್ಯಾಲೆ ಸಹಿ ಮಾಡ್ರಿ" ಅಂದರು. ದನಿ ಸ್ವಲ್ಪ ನಡುಗಿತು. ಮಾಸ್ತರರು ಅಪ್ಪನ ಮುಖ ನೋಡಿದರು, ಏನೂ ಕೇಳಲಿಲ್ಲ. ತಾರೀಖು ಬರೆದು, ಗಂಟೆಯನ್ನೂ ಬರೆದು, ಸಹಿ ಮಾಡಿದರು. ಗಾಡಿ ಯಾವ ದಿನ ಎಷ್ಟು ಹೊತ್ತಿಗೆ ಕೈ ಬದಲಾಯಿತು ಅಂತ ಬೇರೆ ಹಾಳೆಯಲ್ಲೂ ಬರೆದು ಇಬ್ಬರೂ ಒಂದೊಂದು ಇಟ್ಟುಕೊಂಡೆವು.

ಕೊನೆಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ಆರ್‌ಟಿಒ ಕಾಗದಗಳ ಜೊತೆ ಇದನ್ನು ಅಂಟಿಸಿ ಕೊಡುವ ರೂಢಿ. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದಿನ ತಗಡಿನಲ್ಲಿ ಹದಿನೇಳು ಅಕ್ಷರ ಅಂಕಿಗಳ ಸಾಲು, ಎಂಎ3 ಅಂತ ಶುರುವಾಗುತ್ತದೆ. ಮಿಸ್ತ್ರಿ ಬಟ್ಟೆಯಿಂದ ಧೂಳು ಒರೆಸಿ ಪೆನ್ಸಿಲ್ ಕೇಳಿದರು. ಮಾಸ್ತರರು ಒಳಗೆ ಹೋಗಿ ಒಂದು ಪೆನ್ಸಿಲ್, ಒಂದು ಬ್ಲೇಡು, ತೆಳು ಹಾಳೆ ತಂದರು. ಕೊಡಲಿಲ್ಲ. "ಇದು ನನ್ನ ಕೆಲಸ. ನಲವತ್ತು ವರ್ಷ ಹುಡುಗರ ಕಡೆ ನಾಣ್ಯದ ಅಚ್ಚು ತೆಗಿಸೇನಿ" ಅಂದರು. ಬ್ಲೇಡಿನಿಂದ ಮೊನೆಯನ್ನು ಉದ್ದಕ್ಕೆ ಹೆರೆದು, ಹಾಳೆಯನ್ನು ತಗಡಿನ ಮೇಲೆ ಎಡಗೈ ಬೆರಳುಗಳಿಂದ ಒತ್ತಿ ಹಿಡಿದು, ಪೆನ್ಸಿಲನ್ನು ಓರೆ ಮಾಡಿ ಮೆಲ್ಲಗೆ ಉಜ್ಜಿದರು. ಬೂದು ಬಣ್ಣದ ನಡುವೆ ಬಿಳಿ ಗೆರೆಗಳಾಗಿ ಒಂದೊಂದೇ ಅಂಕಿ ಎದ್ದು ಬಂತು. ಎಲ್ಲೂ ಕೆರೆದ ಗುರುತಿಲ್ಲ, ಮೇಲೆ ಕೆಳಗಾದ ಅಂಕಿಯಿಲ್ಲ. ಆರ್‌ಸಿ ಪಕ್ಕಕ್ಕಿಟ್ಟು ಓದಿದೆ. ಕೂಡಿತು.

ಮಾಸ್ತರರು ಇನ್ನೊಂದು ಹಾಳೆ ಇಟ್ಟು ಮತ್ತೆ ಉಜ್ಜಿದರು. "ಇದು ನನಗಿರ್ಲಿ."

ತಿಂಗಳೊಪ್ಪತ್ತಿಗೆ ಹೊಸ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂತು. ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಮಾಳಮಡ್ಡಿಗೆ ಹೋದೆ. ಮಾಸ್ತರರು ಪಂಚಾಂಗದ ನಡುವಿನಿಂದ ಆ ಹಾಳೆ ತೆಗೆದರು. ಕನ್ನಡಕ ಏರಿಸಿ, ಕಾರ್ಡಿನಲ್ಲಿ ಮೊದಲು ನನ್ನ ಹೆಸರು ಓದಿದರು. ಆಮೇಲೆ ಪೆನ್ಸಿಲ್ ಅಚ್ಚಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಹೇಳತೊಡಗಿದರು. ಅಪ್ಪ ಕಾರ್ಡು ಹಿಡಿದುಕೊಂಡು, ಹಾಂ, ಹಾಂ, ಅನ್ನುತ್ತಾ ಬಂದರು. ಹದಿನೇಳೂ ಮುಗಿದವು.

"ಎಲ್ಲಾ ಬರೋಬ್ಬರಿ ಅದ" ಅಂದರು ಮಾಸ್ತರರು. ಹಾಳೆ ಮಡಚಿಟ್ಟು ನನ್ನ ಕಡೆ ತಿರುಗಿದರು. "ಟೈರ್ ಬದಲಿಸಿದೇನಪಾ?"